ನಮ್ಮಣ್ಣ ಹಾಗೆ ಮಾತಾಡಲ್ಲ

"ಹಲೋ... ಹಲೋ, ಯಾರು ಮಾತಾಡ್ತಿರೋದು?"

"... ಯಾರಂದ್ರಿ? ಸ್ವಲ್ಪ ಜೋರಾಗಿ ಹೇಳಿ, ಇಲ್ಲಿ ಮಕ್ಕಳ ಗಲಾಟೆ."

"... ಅಣ್ಣನಾ? ಯಾರ ಅಣ್ಣ?"

"... ನನ್ನಣ್ಣ! ಓಹೋಹೋ, ಬಾಪ್ಪಾ ಬಾ! ಇವತ್ತು ನಿನ್ನ ಸರದಿನಾ? ಇರು ಇರು, ಇಡ್ಬೇಡ. ಎಲ್ಲರೂ ಕೇಳ್ಲಿ, ಕಲೀಲಿ."

ನಾಟಕದ ಮೇಡಂ ಫೋನನ್ನು ಅಂಗೈಯಿಂದ ಮುಚ್ಚಿ, ತಾಲೀಮು ಕೋಣೆಯ ಚಾಪೆಗಳ ಮೇಲೆ ಉರುಳಾಡುತ್ತಿದ್ದ ಮಕ್ಕಳತ್ತ ಕೈ ಬೀಸಿದರು. ಮಕ್ಕಳು ಎಂದು ಕರೆಯುವುದು ರೂಢಿ, ಅಷ್ಟೇ. ಮೀಸೆ ಚಿಗುರುತ್ತಿದ್ದ ಹುಡುಗರು, ಕನ್ನಡಿ ಕಂಡರೆ ಅಲ್ಲಿಂದ ಕಾಲು ಕೀಳದ ಹುಡುಗಿಯರು. ದುರದೃಷ್ಟಕ್ಕೆ ಆ ಕೋಣೆಯ ಒಂದು ಗೋಡೆ ಪೂರ್ತಿ ಕನ್ನಡಿಯೇ ಆಗಿತ್ತು.

"ಸದ್ದು ಮಾಡ್ದೆ ಬಂದು ಕೂತ್ಕೊಳ್ಳಿ," ಎಂದರು ಮೇಡಂ ಪಿಸುದನಿಯಲ್ಲಿ. "ನಮ್ಮಲ್ಲೊಬ್ಬ ಮಹಾಶಯ ನನ್ನಣ್ಣ ಆಗಿ ಫೋನ್ ಮಾಡಿದಾನೆ. ಯಾರಿಲ್ಲ ನೋಡಿ ಇಲ್ಲಿ?"

"ರೇಡಿಯೋ ಇಲ್ಲ ಮೇಡಂ," ಎಂದಳು ಕನ್ನಡಕದ ಹುಡುಗಿ.

ಮೇಡಂಗೆ ಅಷ್ಟು ಸಾಕಾಯಿತು. ರೇಡಿಯೋ ಎಂದು ಎಲ್ಲರೂ ಕರೆಯುತ್ತಿದ್ದವನು ಆ ತರಗತಿಯ ಅನುಕರಣೆಯ ಚಕ್ರವರ್ತಿ. ಪ್ರಿನ್ಸಿಪಾಲರ ಕೆಮ್ಮಿನಿಂದ ಹಿಡಿದು ಗೇಟಿನ ಕಿರುಗುಟ್ಟುವ ಸದ್ದಿನವರೆಗೆ ಎಲ್ಲವನ್ನೂ ಗಂಟಲಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದ ಹುಡುಗ.

ವಿಷಯ ಏನೆಂದರೆ, ಆ ವಾರ ಮೇಡಂ ಒಂದು ಹೊಸ ಪರೀಕ್ಷೆ ಇಟ್ಟಿದ್ದರು. ಪ್ರತಿಯೊಬ್ಬರೂ ಒಂದು ಪಾತ್ರ ಕಟ್ಟಿಕೊಂಡು, ಬೇರೆ ಯಾರದೋ ನಂಬರಿನಿಂದ, ಮುನ್ಸೂಚನೆ ಕೊಡದೆ ಅವರಿಗೆ ಫೋನ್ ಮಾಡಬೇಕು. ಮೇಡಂ ನಂಬಿದರೆ ಪಾಸು, ಕಂಡುಹಿಡಿದರೆ ಫೇಲು. ಪರೀಕ್ಷೆಯೇನೋ ಒಳ್ಳೆಯದೇ. ಆದರೆ ತಾವು ಮಾತ್ರ ಮೋಸ ಹೋಗಬಾರದೆಂದು ಹಟ ತೊಟ್ಟ ಮೇಡಂ, ಆ ವಾರವಿಡೀ ಫೋನಿನಲ್ಲಿ ಯಾರನ್ನೂ ನಂಬುವುದನ್ನೇ ಬಿಟ್ಟಿದ್ದರು. ಹಿಂದಿನ ದಿನ ಅಸಲಿ ನೀರಿನ ಟ್ಯಾಂಕರಿನವನು ಗೇಟಿನ ಹೊರಗೆ ನಿಂತು ಫೋನ್ ಮಾಡಿದಾಗ, "ಧ್ವನಿ ಪರವಾಗಿಲ್ಲ, ಆದರೆ ನಿನ್ನ ಪಾತ್ರಕ್ಕೆ ಒಳಗೊಂದು ನೋವಿಲ್ಲ" ಎಂದು ತಿದ್ದಿದ್ದರು. ಅವನಿಗೆ ನೋವಾದದ್ದು ಆಗಲೇ. ನೀರು ಸಮೇತ ವಾಪಸು ಹೋದ. ಅದನ್ನು ಕೇಳಿ ಕೆಂಡಾಮಂಡಲವಾಗಿ ಫೋನ್ ಮಾಡಿದ ಪ್ರಿನ್ಸಿಪಾಲರಿಗೆ, "ಅವರು ಇಷ್ಟು ಬೇಗ ಸಿಟ್ಟಾಗಲ್ಲ ಮರಿ, ಮೊದಲು ಕೆಮ್ಮು" ಎಂದಿದ್ದರು. ಶಾಲೆಯ ನಲ್ಲಿಗಳೆಲ್ಲ ಒಣಗಿ ಕೂತಿದ್ದವು. ಪ್ರಿನ್ಸಿಪಾಲರು ಮೇಡಂ ಎದುರು ಸಿಕ್ಕಿದರೂ ಮುಖ ತಿರುಗಿಸಿಕೊಂಡು ಹೋಗುತ್ತಿದ್ದರು.

ಇನ್ನು ಅಣ್ಣನ ವಿಷಯ. ಮೇಡಂಗೆ ನಿಜವಾಗಿಯೂ ಒಬ್ಬ ಅಣ್ಣ ಇದ್ದ, ಲಿಫ್ಟ್ ರಿಪೇರಿ ಮಾಡುವವನು. ಇಬ್ಬರ ನಡುವೆ ಮಾತು ನಿಂತು ವರ್ಷಗಳಾಗಿದ್ದವು. ಹಾಗಿದ್ದೂ ತರಗತಿಯಲ್ಲಿ ಅವನ ಮಾತು ಬಾರದ ದಿನವಿರಲಿಲ್ಲ. ನಂಬುವಂಥ ಪಾತ್ರ ಕಟ್ಟುವುದು ಹೇಗೆ ಎಂದು ಕಲಿಸುವಾಗಲೆಲ್ಲ ಮೇಡಂ ಬಿಚ್ಚಿ ಹರಡುತ್ತಿದ್ದದ್ದು ಈ ಅಣ್ಣನನ್ನೇ. ಅವನ ಜೇಬಲ್ಲಿ ಏನಿರುತ್ತದೆ? ಸ್ಕ್ರೂಡ್ರೈವರ್. ಹೆದರಿದಾಗ ಏನು ಮಾಡುತ್ತಾನೆ? ಚಪ್ಪಲಿ ಸರಿಮಾಡಿಕೊಳ್ಳುತ್ತಾನೆ. ಪ್ರಾಣ ಹೋದರೂ ಅವನ ಬಾಯಿಂದ ಬಾರದ ಮಾತು ಯಾವುದು? 'ತಪ್ಪಾಯ್ತು' ಅನ್ನುವುದು. ಬ್ಯಾಚಿನ ಮೇಲೆ ಬ್ಯಾಚು ಮಕ್ಕಳು ಕಾಣದ ಆ ಮನುಷ್ಯನನ್ನು ನೆತ್ತಿಯಿಂದ ಉಗುರಿನವರೆಗೆ ಬಾಯಿಪಾಠ ಮಾಡಿದ್ದರು. ಅವನ ಹೆಸರಲ್ಲಿ ಫೋನ್ ಮಾಡಿ ಮಾತಾಡುವುದು ಯಾರಿಗೂ ಕಷ್ಟವಿರಲಿಲ್ಲ, ಅವನೊಬ್ಬನನ್ನು ಬಿಟ್ಟು.

"ಹಾಂ, ಹೇಳಣ್ಣ. ಏನು ಸಮಾಚಾರ?"

"... ಛೆ ಛೆ, ಶುರುವಿನಲ್ಲೇ ತಪ್ಪು. 'ಚೆನ್ನಾಗಿದೀಯಾ' ಅಂತ ಅವನು ಮೊದಲೇ ಕೇಳಲ್ಲ. ಕೇಳಿದ್ರೆ ಫೋನ್ ಇಡೋ ಹೊತ್ತಿಗೆ ಕೇಳ್ತಾನೆ, ಅದೂ ಮರೆತು ಹೋಗಿದ್ದು ನೆನಪಾದೋನ ಹಾಗೆ. ಮತ್ತೆ ಮಾಡು."

"... ಏನು ಮತ್ತೆ ಮಾಡ್ಬೇಕು ಅಂದ್ರೆ? ಹಲೋ ಇಂದ ಮತ್ತೆ ಬಾ."

"... ಹಾಂ! ಈ ಗೊಂದಲ ಚೆನ್ನಾಗಿದೆ. 'ಏನು ಹೇಳ್ತಿದೀಯ, ಏನು ಹೇಳ್ತಿದೀಯ' ಅಂತ ಎರಡೆರಡು ಸಲ. ಇದು ಅವನದೇ. ಇದನ್ನ ಇಟ್ಕೋ."

"... ಅದಿರ್ಲಿ, ಇದು ಯಾರ ನಂಬರು? ನಿನ್ನ ಫೋನ್ ಏನಾಯ್ತು?"

"... ಲಿಫ್ಟಿನ ಗುಂಡಿಗೆ ಬಿತ್ತಾ! ಸರಿ. ಮತ್ತೆ ಇದು? ... ವಾಚ್‌ಮನ್ನಂದು. ಅವನು ಪಕ್ಕದಲ್ಲೇ ನಿಂತಿದಾನೆ. ಅವನಿಗೆ ಕರೆನ್ಸಿ ಚಿಂತೆ. ಅವನ ಮಗಳಿಗೆ ಫೋನ್ ಮಾಡೋ ಹೊತ್ತು. ನೋಡು ಮರಿ, ನಾನು ಕೇಳಿದ್ದು ಒಂದು, ನೀನು ಹೇಳಿದ್ದು ನಾಲ್ಕು. ಸುಳ್ಳು ಹೇಳೋರಿಗೆ ವಿವರ ಜಾಸ್ತಿ. ನಿಜ ಹೇಳೋನು 'ಬಿತ್ತು' ಅಂದು ಸುಮ್ನಾಗ್ತಾನೆ."

ಮೇಡಂ ಮಕ್ಕಳತ್ತ ಹುಬ್ಬು ಹಾರಿಸಿದರು. ಮಕ್ಕಳು ತಲೆದೂಗಿದರು. ಯಾವ ಪಠ್ಯದಲ್ಲೂ ಇಲ್ಲದ ಪಾಠವೊಂದು ಕಣ್ಣೆದುರೇ ನಡೆಯುತ್ತಿದೆ ಎಂದು ಅವರಿಗೆ ಖುಷಿಯೋ ಖುಷಿ. ರೇಡಿಯೋನ ಮಾನ ಹೋಗುತ್ತಿದೆ ಎಂಬುದೂ ಆ ಖುಷಿಯಲ್ಲಿ ಸೇರಿತ್ತು.

"... ಏನು? ಇನ್ನೊಂದ್ಸಲ ಹೇಳು."

"... ಮದುವೆ. ಯಾರಿಗೆ ಮದುವೆ?"

"... ನಿಂಗಾ!"

ಮೇಡಂ ನಕ್ಕ ನಗುವಿಗೆ ಕುರ್ಚಿ ಹಿಂದಕ್ಕೆ ಜಾರಿತು. ಆ ಕುರ್ಚಿಗೆ ಮೊದಲೇ ಒಂದು ಕಾಲು ಗಿಡ್ಡ. ರಾಜನ ಸಿಂಹಾಸನವಾಗಿ ಬಹಳ ನಾಟಕ ಕಂಡದ್ದು.

"... ಅಲ್ವೋ, ನಮ್ಮಣ್ಣಂಗೆ ನೆತ್ತಿ ಬೋಳಾಗಿ, ಉಳಿದಿದ್ದು ಬೆಳ್ಳಗಾಗಿ ಎಷ್ಟೋ ಕಾಲ ಆಯ್ತು. ಒಬ್ಬ ಹೆಂಗಸು ಲಿಫ್ಟ್ ಹತ್ತಿದ್ರೆ ಅವನು ಮೆಟ್ಟಿಲು ಹತ್ತಿ ಹೋಗೋ ಜಾತಿ. ಅಂಥೋನಿಗೆ ಹೆಣ್ಣೆಲ್ಲಿ ಸಿಕ್ಕಿದ್ಳು?"

"... ಲಿಫ್ಟಲ್ಲೇ. ಸಿಕ್ಕಾಕ್ಕೊಂಡಿದ್ರು. ಸರಿ. ಏನು ಕೆಲಸ ಅವರಿಗೆ? ... ಹಲ್ಲಿನ ಡಾಕ್ಟ್ರು. ಒಬ್ರೇ ಇದ್ರಾ ಲಿಫ್ಟಲ್ಲಿ?"

"... ರೋಗಿ ಜೊತೆ! ಬಾಯಿ ತುಂಬಾ ಹತ್ತಿ ಇಟ್ಕೊಂಡಿರೋ ರೋಗಿ ಜೊತೆ! ಎಕ್ಸ್‌ರೇಗೆ ಕೆಳಗೆ ಕರ್ಕೊಂಡು ಹೋಗ್ತಿದ್ರು. ಎರಡು ಮಹಡಿ ಮಧ್ಯ ಲಿಫ್ಟ್ ನಿಂತ್ಕೊಳ್ತು. ಅಯ್ಯೋ ದೇವರೇ."

"ಇದನ್ನ ಏನಂತೀವಿ?" ಎಂದು ಮಕ್ಕಳನ್ನು ಕೇಳಿದರು.

"ಅತಿ!" ಎಂದಿತು ಇಡೀ ತರಗತಿ.

"... ಕೇಳಿಸ್ತಾ? ಅತಿ ಅಂತೆ. ಡಾಕ್ಟ್ರು ಸಾಕಾಗಿತ್ತು. ಆ ಹತ್ತಿ ಯಾಕೆ ಬೇಕಿತ್ತು ನಿಂಗೆ?"

"... ಇತ್ತು ಅಂದ್ರೆ ಇತ್ತು ಅನ್ನೋದು ಕಾರಣ ಅಲ್ಲ ಕಣೋ. ಲೋಕದಲ್ಲಿ ಏನೇನೋ ಇರುತ್ತೆ. ನಾಟಕದಲ್ಲಿ ನಂಬೋ ಅಂಥದ್ದು ಇರ್ಬೇಕು. ಸರಿ, ಮುಂದೆ? ಬಾಗಿಲ ಸಂದೀಲಿ ಮಾತಾಡಿದೆ. ಏನು ಮಾತಾಡಿದೆ? ನಮ್ಮಣ್ಣ ಒಂದು ಸಂಜೆ ಪೂರ್ತಿ ಆಡೋ ಮಾತು ಅಂದ್ರೆ 'ಹೂಂ', ಆಮೇಲೆ 'ಅದಿರ್ಲಿ'."

"... ಹಾಂ? ಮೊದಲು ಮಾತಾಡಿದ್ದು ರೋಗಿ ಹತ್ರನಾ? ಅವನು ತಿರುಗಿ ಮಾತಾಡೋ ಹಾಗಿರ್ಲಿಲ್ಲ, ಅದಕ್ಕೇ ಧೈರ್ಯ ಬಂತಾ?"

ಇಲ್ಲಿ ಮೇಡಂ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದರು. ಉತ್ತರ ಹೇಳಲಾರದವರ ಹತ್ತಿರ ಮಾತ್ರ ಬಾಯಿ ಬಿಡುವುದು ಅಣ್ಣನ ಗುಣ ಹೌದು. ಸಣ್ಣವನಿದ್ದಾಗ ಮನೆಯ ರೇಡಿಯೋದ ಹತ್ತಿರ, ಹೊಲಿಗೆ ಯಂತ್ರದ ಹತ್ತಿರ ಗಂಟೆಗಟ್ಟಲೆ ಮಾತಾಡುತ್ತಿದ್ದ. ಇದನ್ನು ತರಗತಿಯಲ್ಲಿ ಹೇಳಿದ್ದೆನೇ? ಹೇಳಿರಬೇಕು. ಏನು ತಾನೇ ಹೇಳದೆ ಬಿಟ್ಟಿದ್ದೇನೆ, ಎಂದುಕೊಂಡರು.

"... ಹೂಂ, ಇದು ಪರವಾಗಿಲ್ಲ. ಚೆನ್ನಾಗಿ ಕಟ್ಟಿದೀಯ. ಮುಂದೆ ಹೇಳು. ಪಾತ್ರ ಅಂದ್ಮೇಲೆ ಅದಕ್ಕೆ ಏನೋ ಬೇಕಿರುತ್ತೆ. ನಿಂಗೇನು ಬೇಕು? ಯಾಕೆ ಫೋನ್ ಮಾಡ್ದೆ?"

"... ಸಾಕ್ಷಿ. ಯಾವಾಗ? ... ನಾಳೆ! ರಿಜಿಸ್ಟ್ರಾರ್ ಆಫೀಸಲ್ಲಿ. ಎಷ್ಟು ಹೊತ್ತಿಗೆ? ... ಬಾಗಿಲು ತೆಗೆದ ತಕ್ಷಣ. ಒಂದು ಸಾಕ್ಷಿ ಆ ರೋಗಿ, ಇನ್ನೊಂದು ಡಾಕ್ಟ್ರ ನರ್ಸು, ಮೂರನೇದು ನಾನು. ಅಲ್ವಾ? ಹಹ್ಹ! ಹತ್ತಿ ತೆಗೆದಿದಾರಾ ಅವನಿಗೆ?"

"... ನಾನು ಬರ್ದೇ ಇದ್ರೆ?"

"... ವಾಚ್‌ಮನ್ ಸಹಿ ಹಾಕ್ತಾನಾ? ಹಾಗಿದ್ರೆ ಆಯ್ತಲ್ಲ, ಕೆಲಸ ನಡೀತು. ನಾನ್ಯಾಕೆ ಮತ್ತೆ?"

"... ಏನಂದೆ?"

"... ಇಲ್ಲ, ಕೇಳಿಸ್ತು. ಇನ್ನೊಂದ್ಸಲ ಹೇಳು."

ಹೇಳಿದ. ಸಹಿ ಯಾರು ಬೇಕಾದರೂ ಹಾಕುತ್ತಾರೆ, ಆದರೆ ಹುಡುಗನ ಕಡೆಯವರು ಯಾರು ಎಂದು ಕೇಳಿದರೆ ತೋರಿಸಲು ನೀನೊಬ್ಬಳೇ ಇರುವುದು ಎಂದ. ಮೇಡಂ ಅದನ್ನು ಮಕ್ಕಳಿಗೆ ಹೇಳಿದರು. ಈ ಸಲ ಯಾರೂ ನಗಲಿಲ್ಲ. ಗಡ್ಡ ಬಾರದ ಒಬ್ಬ ಹುಡುಗ "ಪಾಪ" ಎಂದ. ಮೇಡಂಗೂ ಹಾಗೇ ಅನ್ನಿಸಿತು. ಆದರೆ ಇಪ್ಪತ್ತು ಬ್ಯಾಚು ಕಂಡ ಮೇಷ್ಟರಲ್ಲವೇ, ಅನ್ನಿಸಿದ್ದನ್ನೂ ಅಂಕವಾಗಿ ಬದಲಿಸಿಬಿಟ್ಟರು.

"... ಈ ಮಾತು ಯಾರು ಬರ್ಕೊಟ್ರೋ ನಿಂಗೆ? ಕಣ್ಣಲ್ಲಿ ನೀರು ಬರೋ ಹಾಗಿದೆ. ಬರಹಕ್ಕೆ ಹತ್ತಕ್ಕೆ ಎಂಟು. ಆದ್ರೆ ನಮ್ಮಣ್ಣ ಹಾಗೆ ಮಾತಾಡಲ್ಲ. ಅವನು 'ಪುರುಸೊತ್ತಿದ್ರೆ ಬಾ' ಅಂತಾನೆ. ಅಷ್ಟೇ. ಪುರುಸೊತ್ತು ಅನ್ನೋದರ ಒಳಗೆ ಉಳಿದಿದ್ದೆಲ್ಲಾ ಇರ್ಬೇಕು. ಅದು ನಟನೆ."

"... ಹಾಂ?"

"... ಏನಂದೆ ಈಗ? ... ತಪ್ಪಾಯ್ತು ಅಂದ್ಯಾ?"

"... ಹೋಯ್ತು. ಎಲ್ಲಾ ಹೋಯ್ತು. ಇಲ್ಲೀವರೆಗೂ ಎಷ್ಟು ಚೆನ್ನಾಗಿ ಬಂದಿದ್ದೆ! ಅವನ ಬಾಯಲ್ಲಿ ಆ ಮಾತು ಬರಲ್ಲ ಅಂತ ಮೊದಲನೇ ದಿನಾನೇ ಹೇಳಿದ್ದೆ, ಇಲ್ವಾ? ಎಲ್ಲಾ ಸೇರಿ ಹತ್ತಕ್ಕೆ ನಾಲ್ಕು."

"... ಕೂಗ್ಬೇಡ. ಸಿಟ್ಟು ಬಂದ್ರೂ ಅಂಕ ಅಷ್ಟೇ."

"... ನೀನೇ ಅಣ್ಣ ಅನ್ನೋದಕ್ಕೆ ಏನು ಗುರುತು? ಜೇಬಲ್ಲಿ ಸ್ಕ್ರೂಡ್ರೈವರ್ ಇದೆ. ಅದು ಇಲ್ಲಿ ಎಲ್ಲರಿಗೂ ಗೊತ್ತು. ... ಮಂಡಿ ಮೇಲಿನ ಗಾಯನಾ? ಹೋದ ತಿಂಗಳ ಪಾಠ. ... ನಂಗೆ ಏನಂತ ಕರೀತಿದ್ದೆ? 'ಚೋಟು.' ಅದು ಬೋರ್ಡ್ ಮೇಲೆ ಇನ್ನೂ ಇದೆ, ಯಾರೂ ಒರೆಸಿಲ್ಲ. ... ಬೀರುವಿನೊಳಗೆ ಬಚ್ಚಿಟ್ಕೊಂಡು ನಿದ್ದೆ ಹೋಗಿದ್ದು, ಇಡೀ ಬೀದಿ ಹುಡುಕಿದ್ದು? ಅಯ್ಯೋ, ಅದನ್ನ ಈ ಮಕ್ಕಳು ಅಭಿನಯಿಸಿಯೇ ತೋರ್ಸಿದ್ರು. ಬೀರು ಪಾತ್ರ ಮಾಡಿದ್ದು ನೀನೇ ಅಲ್ವೇನೋ?"

"... ಊರಿಗೆಲ್ಲಾ ಹಂಚಿಬಿಟ್ಟಿದೀಯಾ ನನ್ನ, ಅಂದ್ಯಾ? ಹಾಂ, ಈ ಸಿಟ್ಟು ನಿಜವಾದ್ದು. ಐದು ಕೊಟ್ಟೆ."

ಆಗ ಕೋಣೆಯ ಬಾಗಿಲು ದಡಾರನೆ ತೆರೆದುಕೊಂಡಿತು. ಎರಡೂ ಕೈಯಲ್ಲಿ ಒಂದೊಂದು ಬಕೆಟ್ ಹಿಡಿದು, ಪ್ಯಾಂಟು ಮೊಣಕಾಲಿನವರೆಗೆ ಒದ್ದೆಯಾಗಿ, ಏದುಸಿರು ಬಿಡುತ್ತ ರೇಡಿಯೋ ಒಳಗೆ ಬಂದ.

"ಪಕ್ಕದ ಬಿಲ್ಡಿಂಗಿನೋರು ಇನ್ಮೇಲೆ ನೀರು ಕೊಡಲ್ವಂತೆ ಮೇಡಂ," ಎಂದ. "ನೀವೇ ಬಂದು ಕೇಳ್ಬೇಕಂತೆ. ನಾನು ಗೇಟಿನ ಹಿಂದೆ ನಿಂತು ಪ್ರಿನ್ಸಿಪಾಲ್ ದನಿ ಮಾಡಿ ಕೇಳ್ದೆ, ಅದಕ್ಕೇ ಇಷ್ಟಾದ್ರೂ ಕೊಟ್ರು."

ಅವನನ್ನು ನೀರಿಗೆ ಕಳಿಸಿದ್ದು ಸ್ವತಃ ಮೇಡಂ. ಪಾಠದ ಗುಂಗಿನಲ್ಲಿ ಅದು ಮರೆತೇ ಹೋಗಿತ್ತು. ಅವರು ರೇಡಿಯೋನನ್ನು ನೋಡಿದರು, ಕೈಯಲ್ಲಿದ್ದ ಫೋನನ್ನು ನೋಡಿದರು, ಮತ್ತೆ ರೇಡಿಯೋನನ್ನು ನೋಡಿದರು. ಚಾಪೆಯ ಮೇಲಿದ್ದ ತಲೆಗಳನ್ನೆಲ್ಲ ಒಂದೊಂದಾಗಿ ಎಣಿಸಿದರು. ಎಲ್ಲರೂ ಇದ್ದರು. ಯಾವತ್ತೂ ಬಾರದ ಸೋಮಾರಿ ಕೂಡ ಅವತ್ತು ಬಂದು ಕೂತಿದ್ದ.

"... ಹಲೋ... ಯಾರು ಮಾತಾಡ್ತಿರೋದು?"

ಈ ಸಲ ಆ ಪ್ರಶ್ನೆ ಕೇಳಿದ ದನಿಯೇ ಬೇರೆಯಾಗಿತ್ತು. ಮಕ್ಕಳು ನೆಟ್ಟಗೆ ಕೂತರು.

"... ಇರಿ. ಒಂದ್ನಿಮಿಷ ಇರಿ. ನೀವು ನಮ್ಮ ಹುಡುಗರಲ್ಲಿ ಯಾರದಾದ್ರೂ ಚಿಕ್ಕಪ್ಪನೋ ಮಾವನೋ ಆಗಿದ್ರೆ ಈಗ್ಲೇ ಹೇಳಿಬಿಡಿ. ನಾನು ಬೈಯಲ್ಲ. ಎಲ್ಲರಿಗೂ ಪೂರ್ತಿ ಅಂಕ ಕೊಡ್ತೀನಿ."

"... ಹಾಗಿದ್ರೆ ಒಂದೇ ಒಂದು ಪ್ರಶ್ನೆ. ಇದನ್ನ ನಾನು ಯಾರಿಗೂ ಪಾಠ ಮಾಡಿಲ್ಲ. ನಾವಿಬ್ರೂ ಯಾಕೆ ಮಾತು ಬಿಟ್ವಿ?"

ಅಣ್ಣನನ್ನು ಅಂಗಡಿ ಸಾಮಾನಿನಂತೆ ಹೊರಗಿಟ್ಟ ಮೇಡಂ, ಅದೊಂದನ್ನು ಮಾತ್ರ ಯಾರಿಗೂ ತೋರಿಸಿರಲಿಲ್ಲ. ಆಗ ಅವರು ಮೇಷ್ಟರಾಗಿರಲಿಲ್ಲ, ನಟಿ. ಒಂದು ದೊಡ್ಡ ರಂಗಮಂದಿರದಲ್ಲಿ, ಒಂದು ದೊಡ್ಡ ನಾಟಕದಲ್ಲಿ, ಕೊನೆಗೆ ಸಾಯುವ ತಾಯಿಯ ಪಾತ್ರ. ಸಾಯುವುದಕ್ಕೆ ತಿಂಗಳುಗಟ್ಟಲೆ ತಾಲೀಮು ಮಾಡಿದ್ದರು. ಸಾಯುವ ಗಳಿಗೆ ಬಂತು, ಸತ್ತರು, ರಂಗಮಂದಿರ ಉಸಿರು ಬಿಗಿಹಿಡಿದು ಕೂತಿತ್ತು. ಆಗ ಮುಂದಿನ ಸಾಲಿನಿಂದ ಒಂದು ನಗು ಕೇಳಿಸಿತು. ಸಣ್ಣ ನಗುವಲ್ಲ, ಹಾಹಾಹಾ ಎಂದು ಛಾವಣಿ ಮುಟ್ಟುವ ನಗು. ಅದು ಅಂಟುರೋಗವಾಗಿ ಸಾಲಿನಿಂದ ಸಾಲಿಗೆ ಹರಡಿ, ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಸತ್ತ ತಾಯಿ ಕಣ್ಣು ಮುಚ್ಚಿಕೊಂಡೇ ಅದನ್ನೆಲ್ಲ ಕೇಳಿಸಿಕೊಂಡಳು. ಮೊದಲು ನಕ್ಕವನು ಯಾರೆಂದು ನೋಡಲು ಕಣ್ಣು ತೆರೆಯಬೇಕಾಗಿರಲಿಲ್ಲ. ಅದು ಅಣ್ಣನ ಗಂಟಲು. ಮೇಡಂ ಮತ್ತೆ ಬಣ್ಣ ಹಚ್ಚಲಿಲ್ಲ. ಅಣ್ಣನಿಗೆ ಮತ್ತೆ ಫೋನ್ ಮಾಡಲಿಲ್ಲ. ನಂಬುವಂಥ ಪಾತ್ರ ಕಟ್ಟುವುದು ಹೇಗೆಂದು ಬೇರೆಯವರ ಮಕ್ಕಳಿಗೆ ಕಲಿಸಲು ಹೊರಟರು.

"... ಹೌದು. ನಾನು ಸತ್ತೆ, ನೀನು ನಕ್ಕೆ. ಹೌದು."

"... ಅಣ್ಣ?"

"... ಅಣ್ಣಾ, ನೀನೇನಾ? ಅಯ್ಯೋ... ನಾನು ಇಷ್ಟೊತ್ತು... ನಾಲ್ಕು ಅಂಕ... ಅಯ್ಯೋ ಕರ್ಮವೇ."

"... ಅದಿರ್ಲಿ ಅಲ್ಲ. ಏನು ಅದಿರ್ಲಿ? ನಿಜವಾಗ್ಲೂ ಮದುವೆನಾ? ಆ ಹತ್ತಿನೂ ನಿಜನಾ?"

"... ಇಲ್ಲ, ಆ ವಿಷಯ ಈಗ ಬೇಡ. ಆಗಿದ್ದು ಆಯ್ತು. ನೀನು ನಕ್ಕೆ, ನಂಗೆ ಬೇಜಾರಾಯ್ತು, ಮುಗೀತು. ನಗು ಬರೋ ಹಾಗೆ ಸತ್ತಿದ್ದು ನಾನೇ."

"... ಏನು?"

"... ನಗ್ಲಿಲ್ಲ ಅಂದ್ರೆ? ಇಡೀ ರಂಗಮಂದಿರಕ್ಕೆ ಕೇಳಿಸ್ತಲ್ಲೋ! ನಾನು ಸತ್ತಿದ್ದೆ, ನಂಗೇ ಕೇಳಿಸ್ತು!"

"... ಹಲೋ? ಅಣ್ಣ? ... ನೋಡು! ಈಗ್ಲೂ ನಗ್ತಿದೀಯ! ನಾನಿಲ್ಲಿ ಮಕ್ಕಳೆದುರು ಮಾನ ಕಳ್ಕೊಂಡು ನಿಂತಿದೀನಿ, ನಿಂಗೆ ನಗು! ಅದೇ ನಗು! ನಾಚಿಕೆ ಆಗಲ್ವಾ ನಿಂಗೆ, ಯಾಕೋ ನಗ್ತೀಯ..."

ಫೋನಿನಿಂದ ಆ ಹಾಹಾಹಾ ಹೊರಗೂ ಕೇಳಿಸುತ್ತಿತ್ತು. ಮಕ್ಕಳಲ್ಲಿ ಒಬ್ಬಿಬ್ಬರಿಗೆ ತಡೆಯಲಾರದೆ ನಗು ಬಂತು. ರೇಡಿಯೋ ಮಾತ್ರ ಬಕೆಟ್ ಕೆಳಗಿಟ್ಟು, ಕಿವಿಗೊಟ್ಟು ನಿಂತ. ಯಾವ ಸದ್ದನ್ನಾದರೂ ಒಮ್ಮೆ ಬಾಯಲ್ಲಿ ಆಡಿ ನೋಡುವುದು ಅವನ ಅಭ್ಯಾಸ. ಈ ಸದ್ದನ್ನೂ ಮೆಲ್ಲಗೆ ಆಡಿ ನೋಡಿದವನು, ಅರ್ಧಕ್ಕೇ ನಿಲ್ಲಿಸಿ, "ಇದು ನಗು ಅಲ್ಲ ಮೇಡಂ," ಎಂದ.

"... ಅಳ್ತಿದೀಯಾ?"

"... ಅಣ್ಣ, ಅಳ್ತಿದೀಯಾ ನೀನು?"

"... ಯಾವಾಗ್ಲೂ ಹೀಗೇನಾ? ಅತ್ರೆ ನಗೋ ಸದ್ದೇ ಬರುತ್ತಾ? ... ಚಿಕ್ಕೋನಿದ್ದಾಗ್ಲೂ? ನಂಗೆ ಗೊತ್ತೇ ಇಲ್ವಲ್ಲೋ. ... ಅತ್ತಿದ್ದೇ ಇಲ್ವಾ ನನ್ನೆದುರು? ... ಹೌದು, ನೀನೆಲ್ಲಿ ಅಳ್ತಿದ್ದೆ."

"... ಅವರಿಗೆ ಹೇಗೆ ಗೊತ್ತಾಯ್ತು? ಆ ಡಾಕ್ಟ್ರಿಗೆ?"

"... ಬಾಗಿಲ ಸಂದೀಲಿ ನನ್ನ ನಾಟಕದ ವಿಷಯ ಹೇಳ್ತಿದ್ಯಾ? ರೋಗಿಗೆ? ... ಹೇಳ್ತಾ ಹೇಳ್ತಾ ಹೀಗೇ ಸದ್ದು ಬಂತು. ... ರೋಗಿ ನಕ್ಕ, ಹತ್ತಿ ಇದ್ರೂ ನಕ್ಕ. ಅವರೊಬ್ರೇ ನಗ್ಲಿಲ್ಲ. 'ಯಾಕೆ ಅಳ್ತಿದೀರಿ' ಅಂದ್ರು."

"... ಹೌದಲ್ವಾ. ಬಾಯಿ ತೆರ್ಕೊಂಡು ಅಳೋರ್ನ ದಿನಾ ನೋಡ್ತಾರಲ್ಲ ಅವರು. ಅವರಿಗಲ್ದೆ ಇನ್ಯಾರಿಗೆ ಗೊತ್ತಾಗ್ಬೇಕು."

ಮೇಡಂ ಕುಂಟು ಸಿಂಹಾಸನದ ಮೇಲೆ ಮೆಲ್ಲಗೆ ಕೂತರು.

"... ಒಂದು ಮಾತು ಕೇಳ್ತೀನಿ, ನಿಜ ಹೇಳ್ಬೇಕು. ಅವತ್ತು ನಾನು ಸತ್ತಾಗ, ನಿಂಗೆ ಏನನ್ನಿಸ್ತು?"

"... ಸತ್ತೇ ಹೋದ್ಲು ಅಂತನಾ? ನಾಟಕ ಅಂತ ಗೊತ್ತಿತ್ತಲ್ಲೋ. ಟಿಕೆಟ್ ತಗೊಂಡು ಬಂದಿದ್ಯಲ್ಲ."

"... ಎದೆ ಏಳ್ತಾ ಇರ್ಲಿಲ್ಲ ಅಂತ... ವೇದಿಕೆ ಹತ್ತೋಕೆ ಎದ್ದೆ, ಪಕ್ಕದೋರು ಅಂಗಿ ಹಿಡಿದು ಕೂರಿಸಿದ್ರು, ಅಲ್ವಾ... ನೀರು ಕೊಡಿ ಅವಳಿಗೆ ನೀರು ಕೊಡಿ ಅಂತ ಹೇಳೋಕೆ ಹೋದೆ, ಬಾಯಿ ತೆರೆದ್ರೆ ಆ ಸದ್ದು ಬಂತು."

ಇಷ್ಟು ವರ್ಷ ಅವರು ಮಕ್ಕಳಿಗೆ ಹೇಳಿಕೊಡುತ್ತಿದ್ದದ್ದು ಅದನ್ನೇ. ನೋಡುವವನು ಟಿಕೆಟ್ ಕೊಂಡದ್ದನ್ನು ಮರೆತು, ಎದ್ದು ಓಡಿ ಬರುವಂತೆ ಮಾಡಬೇಕು. ಅಂಥದ್ದನ್ನು ಒಬ್ಬ ನಟ ಬದುಕಿನಲ್ಲಿ ಒಂದು ಸಲ ಮಾಡಿದರೆ ಅದೇ ಪುಣ್ಯ ಎನ್ನುತ್ತಿದ್ದರು. ಎನ್ನುವಾಗ, ತಾವಂತೂ ಮಾಡಲಿಲ್ಲ ಎಂದು ಒಳಗೊಳಗೇ ನವೆಯುತ್ತಿದ್ದರು. ಈಗ ನೋಡಿದರೆ, ಮಾಡಿದ್ದರು. ಸಂತೋಷಕ್ಕೆ ಅವರ ಮೂಗು ಕೆಂಪಾಯಿತು. ಸಂತೋಷದ ಬೆನ್ನಿಗೇ, ಒಲೆಯ ಮೇಲೆ ಹಾಲು ಉಕ್ಕಿದಂತೆ, ಸಿಟ್ಟು ಬಂತು.

"... ಮತ್ತೆ ಇಷ್ಟು ವರ್ಷ ಯಾಕೋ ಹೇಳ್ಲಿಲ್ಲ ಮಾರಾಯ?"

"... ಅಳ್ತಿದ್ದೆ ಅಂತ ಹೇಳ್ಕೊಳ್ಳೋದಕ್ಕಿಂತ ನಗ್ತಿದ್ದ ಅನ್ನಿಸ್ಕೊಳ್ಳೋದೇ ವಾಸಿ ಅನ್ನಿಸ್ತಾ! ತಲೆ ಇದೆಯೇನೋ ನಿಂಗೆ! ... ಹಾಂ, ನಂಗೂ ಇಲ್ಲ. ಫೋನ್ ಮಾಡಿ ಒಂದು ಮಾತು ಕೇಳ್ಬಹುದಿತ್ತು ನಾನು. ಕೇಳ್ಲಿಲ್ಲ."

"... ಏನು? ವಾಚ್‌ಮನ್ ಫೋನ್ ಕೇಳ್ತಿದಾನಾ? ಕೊಡು ಕೊಡು, ಪಾಪ, ಅವನ ಮಗಳಿಗೆ ಮಾಡ್ಲಿ. ... ಬರ್ತೀನಾ ಅಂದ್ರೆ? ಬರ್ತೀನಿ!"

"... ಬರ್ತೀನಿ ಅಣ್ಣ. ಖಂಡಿತ ಬರ್ತೀನಿ."

"... ಯಾಕೆ, ನಂಬಿಕೆ ಇಲ್ವಾ?"

"... ನಾಟಕದ ದನಿನಾ? ನಂದಾ? ಇಲ್ವಲ್ಲ. ನಾನು ಮಾಮೂಲಾಗೇ ಹೇಳ್ದೆ. ಸರಿ, ಕೇಳು. ಬರ್ತೀನಿ."

"... ಈಗ? ... ಇದೂ ಮಕ್ಕಳಿಗೆ ಹೇಳಿದ ಹಾಗಿದೆಯಾ?"

ಮೇಡಂ ಗಂಟಲು ಸರಿಮಾಡಿಕೊಂಡು, ಎದ್ದು ನಿಂತು, ಕನ್ನಡಿಗೆ ಬೆನ್ನು ಹಾಕಿ ಮತ್ತೊಮ್ಮೆ ಹೇಳಿದರು. ಅದು ಇನ್ನೂ ಕೆಟ್ಟದಾಗಿ ಬಂತು. ಬಾಯಿಗೆ ಎಷ್ಟು ವರ್ಷದ ಅಭ್ಯಾಸ ನೋಡಿ, ನಿಜವನ್ನು ಹೇಳಲು ಹೋದರೂ ಕಡೆಯ ಸಾಲಿನವರಿಗೆ ಕೇಳಿಸುವಂತೆ ಹೇಳುತ್ತಿತ್ತು. ಕನ್ನಡಕದ ಹುಡುಗಿ ಕೈ ಎತ್ತಿ, "ಮೇಡಂ, ಏನಾದ್ರೂ ಕೆಲಸ ಮಾಡ್ತಾ ಹೇಳಿ. ಕೈಗೆ ಕೆಲಸ ಕೊಟ್ರೆ ಮಾತು ಸಹಜವಾಗುತ್ತೆ ಅಂತ ನೀವೇ ಹೇಳಿದ್ರಿ," ಎಂದು ಪಿಸುಗುಟ್ಟಿದಳು. ಮೇಡಂ ಬೋರ್ಡ್ ಒರೆಸುತ್ತ ಹೇಳಿ ನೋಡಿದರು. ಬೋರ್ಡ್ ಸ್ವಚ್ಛವಾಯಿತು, ಮಾತು ಆಗಲಿಲ್ಲ.

"... ಬರ್ತೀನಿ ಕಣೋ, ನಿನ್ನಾಣೆಗೂ ಬರ್ತೀನಿ."

"... ಆಣೆ ಹಾಕಿದ್ರೆ ಸುಳ್ಳು ಅನ್ಸುತ್ತಾ? ... ದಾಕ್ಷಿಣ್ಯಕ್ಕೆ ಹೇಳ್ತಿಲ್ಲ ಅಣ್ಣ. ... 'ಇರ್ಲಿ ಬಿಡು, ನಂಗರ್ಥ ಆಗುತ್ತೆ' ಅಂದ್ರೆ? ಏನು ಅರ್ಥ ಆಗುತ್ತೆ ನಿಂಗೆ?"

"... ಯಾವ ವಾಚ್‌ಮನ್ನು? ಅವನ್ಯಾಕೆ ಸಹಿ ಹಾಕ್ಬೇಕು?"

"... ಏಯ್! ಇಲ್ಲಿ ಕೇಳು! ಏನು ತಮಾಷೆ ಮಾಡ್ತಿದೀಯಾ? ನಾನಿರೋವಾಗ ವಾಚ್‌ಮನ್ ಯಾವನೋ ಹುಡುಗನ ಕಡೆಯೋನು? ಅವನ ಕೈಗೇನಾದ್ರೂ ಪೆನ್ ಕೊಟ್ಟೆ ಅಂದ್ರೆ ಅಲ್ಲೇ ನಾಲ್ಕು ಬಿಡ್ತೀನಿ ನಿಂಗೆ, ಡಾಕ್ಟ್ರ ಎದುರಿಗೇ! ನಾನು ಬರೋವರ್ಗೂ ಒಂದು ಕಾಗದಾನೂ ಯಾರೂ ಮುಟ್ಟೋ ಹಾಗಿಲ್ಲ! ಮತ್ತೆ ಆ ಗ್ರೀಸ್ ಮೆತ್ತಿರೋ ಅಂಗಿ ಹಾಕ್ಕೊಂಡು ಹೋಗಿ ನಿಂತ್ಕೋಬೇಡ, ಗೊತ್ತಾಯ್ತಾ? ಒಳ್ಳೇದೊಂದು ಇದೆಯಾ? ಇಸ್ತ್ರಿ ಮಾಡಿದ್ಯಾ? ಮಾಡಿರಲ್ಲ, ನಂಗೊತ್ತು! ಅವರು ಹಲ್ಲು ನೋಡೋರು, ಬೆಳಿಗ್ಗೆ ಎದ್ದು ಸರಿಯಾಗಿ ಹಲ್ಲುಜ್ಜು! ಆ ರೋಗಿಗೂ ಏನಾದ್ರೂ ತಿನ್ನೋಕೆ ಕೊಡು, ಮೆತ್ತಗಿರೋದು! ಇನ್ನೂ ಒಂದು ವಿಷಯ..."

ಅಷ್ಟರಲ್ಲಿ ಲೈನು ಕಟ್ಟಾಗಿತ್ತು. ವಾಚ್‌ಮನ್ ಫೋನ್ ಕಿತ್ತುಕೊಂಡನೋ, ಕರೆನ್ಸಿ ಮುಗಿಯಿತೋ, ಯಾರಿಗೂ ತಿಳಿಯದು. ಮಕ್ಕಳಿಗೆ ಟುಂಯ್ ಟುಂಯ್ ಸದ್ದು ಕೇಳಿಸುತ್ತಿತ್ತು, ಆದರೆ ಮಾತು ಕೊನೆಗೂ ಸಹಜವಾಗಿ ಬರುತ್ತಿದ್ದದ್ದನ್ನು ತಡೆಯಲು ಯಾರಿಗೂ ಮನಸ್ಸು ಬರಲಿಲ್ಲ. ಮೇಡಂ ಮಾತ್ರ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಕೋಣೆಯ ಆ ತುದಿಯಿಂದ ಈ ತುದಿಗೆ ಓಡಾಡುತ್ತ, ತಲೆಗೆ ಎಣ್ಣೆ ಹಚ್ಚಿಕೊಂಡು ಬರಬೇಡವೆಂದೂ, ಸಹಿ ಹಾಕುವಾಗ ಕೈ ನಡುಗಿಸಬೇಡವೆಂದೂ, ನಾನು ಬಂದ ಮೇಲೆ ನಿನಗೆ ಇದೆ ಎಂದೂ ಅಣ್ಣನನ್ನು ಇನ್ನೂ ಬೈಯುತ್ತಲೇ ಇದ್ದರು.